ಟರ್ಕಿಗೆ ಹಾಕಿದ ಹೊಲಿಗೆ

ಮಾಂಸದ ಅಂಗಡಿಯವನು ಬಿಡಿಸಿಯೇ ಹೇಳಿದ್ದ. "ಟರ್ಕಿ ಕೋಳಿಯ ಎದೆಭಾಗ ಇದು, ಮೂಳೆ ತೆಗೆದುಕೊಟ್ಟಿದ್ದೀನಿ. ಒಳಗೇನಾದರೂ ತುಂಬಿ, ಸುರುಳಿ ಸುತ್ತಿ, ಮೇಲೊಂದು ದಾರ ಕಟ್ಟಿಬಿಡಿ. ಅಷ್ಟೇ." ಕಟ್ಟುವುದಂತೆ ಕಟ್ಟುವುದು. ಹಬ್ಬದ ರಜೆಗೆ ಅಂತ ಮಗಳು ಅಳಿಯ ಊಟಕ್ಕೆ ಬರುವಾಗ ಮಾಂಸವನ್ನು ಹಳೇ ಬಟ್ಟೆ ಗಂಟಿನ ಹಾಗೆ ಬಿಗಿದು ಮುಂದಿಡುವುದಕ್ಕೆ ಟೈಲರಮ್ಮನಿಗೇನು ಕೈ ಸೇದಿಹೋಗಿದೆಯೇ? ಆ ಬೀದಿಯ ಅರ್ಧ ಜನ ಮೈಮೇಲೆ ಹಾಕಿಕೊಂಡು ಓಡಾಡುವುದು ಅವಳ ಹೊಲಿಗೆಯನ್ನೇ. ಹಾಗಾಗಿ ದಪ್ಪ ಸೂಜಿಗೆ ಬಿಳಿ ದಾರ ಪೋಣಿಸಿದಳು. ಪೋಣಿಸುವಷ್ಟರಲ್ಲಿ ಸಾಕುಬೇಕಾಯಿತು, ಆ ಮಾತು ಆಮೇಲೆ. ಬೆಳ್ಳುಳ್ಳಿ, ಈರುಳ್ಳಿ, ಬ್ರೆಡ್ ಪುಡಿ ತುಂಬಿದ ಮಾಂಸವನ್ನು ಈ ತುದಿಯಿಂದ ಆ ತುದಿಗೆ ನೀಟಾಗಿ ಹೊಲಿದಳು. ಬೆಣ್ಣೆ ಸವರಿದಳು, ಉಪ್ಪು, ಮೆಣಸಿನ ಪುಡಿ ಉದುರಿಸಿದಳು, ಓವನ್ನಿಗೆ ತಳ್ಳಿದಳು. ಕೈ ತೊಳೆದುಕೊಂಡು ಸೂಜಿಯನ್ನು ಪಿನ್ನಿನ ದಿಂಬಿಗೆ ಚುಚ್ಚಿಡೋಣ ಅಂತ ನೋಡಿದರೆ ಸೂಜಿಯೇ ಇಲ್ಲ.

ಎಲ್ಲಿ ಹೋಗುತ್ತೆ, ಇಲ್ಲೇ ಇರಬೇಕು ಅಂದುಕೊಂಡು ಮೇಜು ಸವರಿದಳು. ಸಿಂಕಿನ ತೂತಿಗೆ ಬೆರಳು ಹಾಕಿ ನೋಡಿದಳು. ಮಂಡಿಯೂರಿ ಕೂತು ನೆಲದ ಮೇಲೆಲ್ಲ ಅಂಗೈ ಆಡಿಸಿದಳು. ಮುಂದಿನ ಕೋಣೆಯ ಅಂಗಡಿಯಿಂದ ಪಿನ್ನು ಆರಿಸುವ ಆಯಸ್ಕಾಂತ ತಂದು ಗುಡಿಸಿದ ಹಾಗೆ ಎಳೆದಳು. ಯಾವ ಕಾಲದಲ್ಲೋ ಕಳೆದುಹೋಗಿದ್ದ ಒಂದು ಕೊಕ್ಕೆ, ಬಾಗಿದ ಪಿನ್ನು ಸಿಕ್ಕವು. ಇವತ್ತಿನ ಸೂಜಿ ಮಾತ್ರ ಇಲ್ಲ. ಆಗ ಅವಳ ಕಣ್ಣು ಓವನ್ನಿನ ಕಡೆ ತಿರುಗಿತು.

ಊಟಕ್ಕೆ ಬರುತ್ತಿರುವವರಲ್ಲಿ ಮೊಮ್ಮಗಳೂ ಇದ್ದಾಳಲ್ಲ. ಆ ಪುಟ್ಟಿಗೆ ಅಗಿಯುವುದು ಅಂದರೇನು ಅಂತಲೇ ಗೊತ್ತಿಲ್ಲ. ಬಾಯಿಗೆ ಹಾಕಿದ್ದು ಗುಳುಂ ಅಂತ ಒಳಗೆ. ಆ ಎಳೆ ಗಂಟಲನ್ನು ನೆನೆಸಿಕೊಂಡು ಟೈಲರಮ್ಮ ಸ್ಟೂಲಿನ ಮೇಲೆ ಕುಸಿದು ಕೂತಳು.

ಹೇಳಿಬಿಟ್ಟರೆ ಮುಗಿಯಿತಲ್ಲ, ಮಾಂಸ ಆಚೆ ಎಸೆದು ಬ್ರೆಡ್ಡು ಮೊಟ್ಟೆ ತಿಂದರಾಯಿತಲ್ಲ ಅಂತೀರಾ? ಹೇಳುವುದು ಹೇಗೆ? ಅವಳ ಕಣ್ಣು ಮಂಜಾಗಿ ಬಹಳ ದಿನವಾಗಿತ್ತು, ಅದನ್ನು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಚಳಿ ಶುರುವಾದಾಗ ಪಕ್ಕದ ಮನೆ ಮೇಷ್ಟರ ಕೋಟಿಗೆ ಗುಂಡಿಯ ತೂತುಗಳನ್ನು ತಪ್ಪು ಮಗ್ಗುಲಿಗೆ ಕತ್ತರಿಸಿಬಿಟ್ಟಿದ್ದಳು. ಮೇಷ್ಟರು ಸುಮ್ಮನಿರದೆ ಮಗಳ ಕಿವಿಗೆ ಹಾಕಿದರು. ಮಗಳು ಬಂದು, "ಅಮ್ಮಾ, ಇನ್ನೊಂದು ಸಲ ಇಂಥದ್ದು ಕೇಳಿದರೆ ಅಂಗಡಿಗೆ ಬೀಗ ಹಾಕಿ ನಿನ್ನ ನಮ್ಮನೆಗೆ ಕರ್ಕೊಂಡು ಹೋಗ್ತೀನಿ, ಮಾತು ಅಂದ್ರೆ ಮಾತು," ಅಂದಿದ್ದಳು. ಅಂದರೆ ಮಾಡುವವಳೇ ಅವಳು, ತಾಯಿಯ ಹಟವೇ ಬಂದಿದೆ. ಗಂಡ ಹೋದ ಮೇಲೆ ಟೈಲರಮ್ಮ ಬದುಕಿ ಉಳಿದಿದ್ದೇ ಆ ಮಿಷನ್ನಿನ ಸದ್ದಿನಿಂದ. ಅದು ನಿಂತರೆ ತಾನೂ ನಿಂತೆ ಅನ್ನುವ ಭಯ ಅವಳಿಗೆ.

ಓವನ್ ಬಾಗಿಲು ತೆಗೆದು, ಬಿಸಿ ಮಾಂಸದ ಮೇಲೆ ಆಯಸ್ಕಾಂತ ಆಡಿಸಿದಳು. ಏನೂ ಎಳೆಯಲಿಲ್ಲ. ಸದ್ಯ ಅಂದುಕೊಂಡವಳಿಗೆ ಅನುಮಾನ ಬಂತು. ಬ್ರೆಡ್ಡಿನ ಮಧ್ಯಕ್ಕೆ ಒಂದು ಪಿನ್ನು ಚುಚ್ಚಿ ಆಯಸ್ಕಾಂತ ಹಿಡಿದಳು, ಅಲ್ಲೂ ಏನೂ ಎಳೆಯಲಿಲ್ಲ. ಅಂದರೆ ಒಳಗೆ ಹುದುಗಿದ್ದನ್ನು ಎಳೆಯುವ ಶಕ್ತಿ ಆ ಆಯಸ್ಕಾಂತಕ್ಕಿಲ್ಲ, ಹೆದರಿಕೆ ಇಮ್ಮಡಿಯಾಯಿತು ಅಷ್ಟೇ.

ಮಾಂಸ ಬೆಂದು ಕೆಂಪಗಾಯಿತು, ಮನೆಯೆಲ್ಲ ಘಮಘಮ. ಟೈಲರಮ್ಮ ದಾರ ಎಳೆದು ಹಾಕಿ, ಕಾಗದದಷ್ಟು ತೆಳ್ಳಗೆ ಹೋಳು ಮಾಡಿದಳು. ಒಂದೊಂದು ಹೋಳನ್ನೂ ಬೆರಳಿನಲ್ಲಿ ಹಿಸುಕಿ ನೋಡಿದಳು. ಎಲ್ಲೂ ಗಟ್ಟಿ ಸಿಗಲಿಲ್ಲ. ಆದರೆ ಸುಟ್ಟ ಬೆರಳಿಗೆ, ದಡ್ಡುಗಟ್ಟಿದ ಬೆರಳಿಗೆ ಏನು ನೆಚ್ಚಿಕೆ? ಸೂಜಿ ಮುರಿದು ಚೂರಾಗಿದ್ದರೆ? ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು. ಕನ್ನಡಿಯ ಮುಂದೆ ನಿಂತು ಕೂದಲು ಸರಿಮಾಡಿಕೊಂಡಳು, ಸ್ವೆಟರಿನ ಮೇಲೆ ಶಾಲು ಹೊದ್ದಳು, ಬಾಗಿಲು ತೆಗೆದಳು. ಪುಟ್ಟಿ ಅಪ್ಪನ ಹೆಗಲ ಮೇಲೆ ನಿದ್ದೆ ಹೋಗಿದ್ದಳು.

ಅಳಿಯ ತಮಾಷೆ ಮನುಷ್ಯ. ತಟ್ಟೆಯಲ್ಲಿ ಹೊಲಿಗೆಯ ತೂತು ನೋಡಿ, "ಅತ್ತೆ, ಇದಕ್ಕೂ ಅಳತೆ ತಗೊಂಡ್ರಾ? ಸೊಂಟ ಸ್ವಲ್ಪ ಸಡಿಲ ಬಿಟ್ಟಿದೀರಿ," ಅಂದ. ಮಗಳು ನಕ್ಕಳು. ಟೈಲರಮ್ಮ ನಗಲಿಲ್ಲ. "ಇರಿ, ರುಚಿ ನೋಡ್ತೀನಿ," ಅಂತ ಹೋಳಿನ ಮೇಲೆ ಹೋಳು ಬಾಯಿಗೆ ತುರುಕಿಕೊಂಡಳು. ಸೂಜಿ ಇದ್ದರೆ ನನ್ನ ಬಾಯಿಗೇ ಸಿಗಲಿ ದೇವರೇ ಅಂತ ಬೇಡಿಕೊಂಡು ಅಗಿದಳು.

"ಏನಮ್ಮಾ, ಬೆಳಿಗ್ಗೆಯಿಂದ ಏನೂ ತಿಂದಿಲ್ವಾ?" ಅಂದಳು ಮಗಳು.

"ಹಸಿವು ಕಣೇ."

ಪಕ್ಕದಲ್ಲಿ ಪುಟ್ಟಿ ಕಣ್ಣುಜ್ಜಿಕೊಂಡು ಎದ್ದು ಕೂತಿದ್ದಳು. ಯಾರೂ ಬಡಿಸದಿದ್ದರೂ ಅಪ್ಪನ ತಟ್ಟೆಯಿಂದ ಒಂದು ಹೋಳು ಎತ್ತಿಕೊಂಡು ಬಾಯಿ ತೆರೆದಳು. ಟೈಲರಮ್ಮನಿಗೆ ಅಂಗಡಿಯೂ ನೆನಪಾಗಲಿಲ್ಲ, ಮಿಷನ್ನೂ ನೆನಪಾಗಲಿಲ್ಲ. ಎದ್ದವಳೇ ಮಗುವಿನ ಕೈಗೆ ಫಟ್ಟನೆ ಹೊಡೆದಳು. ಹೋಳು ನೆಲಕ್ಕೆ ಬಿತ್ತು, ತಟ್ಟೆ ಉರುಳಿತು.

"ಯಾರೂ ತಿನ್ನಬೇಡಿ," ಅಂದಳು. "ಹೊಲಿದ ಸೂಜಿ ಸಿಗ್ತಾ ಇಲ್ಲ. ಮಾಂಸದೊಳಗೇ ಇರಬೇಕು."

ಅಳಿಯ ಆಗಲೇ ಎರಡು ತುತ್ತು ನುಂಗಿದ್ದ. ಅವನ ಕೈ ತಾನಾಗಿ ಗಂಟಲಿಗೆ ಹೋಯಿತು. ಮಗಳು ತಾಯಿಯನ್ನೇ ದಿಟ್ಟಿಸಿದಳು. "ಗೊತ್ತಿದ್ದೂ ಬಡಿಸಿದ್ಯಾ?"

ಪೆಟ್ಟು ತಿಂದ ಪುಟ್ಟಿ ಬಿಕ್ಕಿಬಿಕ್ಕಿ ಅಳುತ್ತಿದ್ದಳು. "ಬಾ ನನ್ನ ಬಂಗಾರ, ಅಜ್ಜಿ ತಪ್ಪು ಮಾಡಿದಳು," ಅಂತ ಟೈಲರಮ್ಮ ಅವಳನ್ನು ಎತ್ತಿಕೊಂಡು ಎದೆಗೆ ಅಪ್ಪಿಕೊಂಡಳು. ಶಾಲು ಜಾರಿತು. ಪುಟ್ಟಿ ಕಿಟಾರನೆ ಕಿರುಚಿದಳು.

"ಅಜ್ಜಿ ಚುಚ್ತು. ಅಜ್ಜಿ ಚುಚ್ತು."

ಮಗಳು ಓಡಿಬಂದು ತಾಯಿಯ ಸ್ವೆಟರಿಗೆ ಕೈ ಹಾಕಿ ಎಳೆದಳು. ದಪ್ಪ ಸೂಜಿ, ಅದರ ಕಣ್ಣಿನಿಂದ ನೇತಾಡುವ ಗೇಣುದ್ದದ ಬಿಳಿ ದಾರ. ಹೊಲಿಗೆಯ ಕೊನೆಯ ಗಂಟು ಹಾಕಿ, ದಾರ ಕತ್ತರಿಸಿ, ಕೈಗೆ ಬೆಣ್ಣೆ ಎತ್ತಿಕೊಳ್ಳುವ ಮುಂಚೆ ಎಂದಿನ ಹಾಗೆ ಎದೆಯ ಮೇಲೆ ಚುಚ್ಚಿಕೊಂಡಿದ್ದಳು. ಜೀವಮಾನವೆಲ್ಲ ಮಾಡಿದ್ದು ಅದನ್ನೇ, ಕೈ ತನ್ನಷ್ಟಕ್ಕೆ ಮಾಡಿಬಿಟ್ಟಿತ್ತು.

"ಇಷ್ಟುದ್ದ ದಾರ ನೇತಾಡ್ತಿದೆ," ಅಂದಳು ಮಗಳು. "ಕನ್ನಡಿ ನೋಡ್ಕೊಳ್ಳಲಿಲ್ವಾ?"

"ನೋಡ್ಕೊಂಡೆ," ಅಂದಳು ಟೈಲರಮ್ಮ. ಬೆಳಕು ಕಮ್ಮಿ ಇತ್ತು, ಆತುರದಲ್ಲಿದ್ದೆ, ಇಂಥ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿದ್ದವು. ಒಂದನ್ನೂ ಹೇಳಲಿಲ್ಲ. ಅವಳಿಗೀಗ ಮಗುವಿನದೊಂದೇ ಚಿಂತೆ. ಎಲ್ಲಿ ತಾಗಿತು, ಕಣ್ಣಿಗಾಗಿದ್ದರೆ? ಪುಟ್ಟಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ತಂದುಕೊಂಡಳು, ಕೆನ್ನೆಯ ಮೇಲೆಲ್ಲ ಹೆಬ್ಬೆರಳು ಆಡಿಸಿದಳು. ಬೆಳ್ಳಗೆ, ದುಂಡಗೆ, ಒದ್ದೆಯಾಗಿ ಏನೋ ಒಂದು. ಅಷ್ಟೇ ಅವಳಿಗೆ ಕಂಡದ್ದು.

"ರಕ್ತ ಬಂತೇನೇ?" ಅಂತ ಮಗಳನ್ನು ಕೇಳಿದಳು.

ಅಳಿಯ ತಲೆ ತಗ್ಗಿಸಿದ. ಮಗಳು ಸೂಜಿಯನ್ನು ಮೇಜಿನ ಮೇಲಿಟ್ಟು ತಾಯಿಯ ಪಕ್ಕ ಬಂದು ಕೂತಳು. ಸಿಟ್ಟೆಲ್ಲ ಎಲ್ಲಿ ಹೋಯಿತೋ.

"ಹೆಚ್ಚೇನಿಲ್ಲಮ್ಮ, ಕೆನ್ನೆ ಮೇಲೆ ಒಂದು ಹನಿ," ಅಂದಳು. "ನಿನ್ನ ಹೆಬ್ಬೆರಳಿಗೇ ಅಂಟಿದೆ, ನೋಡು."