ಸಂತೆಯಲ್ಲಿ ಅಂದದ್ದು ಸಂತೆಯಲ್ಲೇ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಕೆಂಭಾವಿ ಸಂತೆಯಲ್ಲಿ ಆಡಿದ ಒಂದು ಮಾತು ಮಾತ್ರ ಎಲ್ಲೂ ಹೋಗಿರಲಿಲ್ಲ. ಬಳೆ ಅಂಗಡಿಯ ಅಯ್ಯಣ್ಣ ಹತ್ತಿರ ಬಂದರೆ ಜನ ವರ್ಷಗಳಾದ ಮೇಲೂ ಬಾಯಿ ಮುಚ್ಚುತ್ತಿದ್ದರು. ಅವನು ಪೊಲೀಸರಿಗೆ ಸುದ್ದಿ ಮುಟ್ಟಿಸುವ ಖಬರಿ ಎಂಬ ಗುಮಾನಿ.

ಅದನ್ನು ಹುಟ್ಟಿಸಿದವನು ಭೀಮೇಶ. ಬಂದೂಕಿನಿಂದ ನ್ಯಾಯ ತರುತ್ತೇವೆ ಎನ್ನುವ ಗುಂಪು ಸೇರಿದ್ದಾಗ, ತುಂಬಿದ ಸಂತೆಯಲ್ಲಿ "ಇವ ಖಬರಿ!" ಎಂದು ಕೂಗಿ ಅಂಗಡಿಗೆ ಬೆಂಕಿ ಇಟ್ಟಿದ್ದ. ಅಯ್ಯಣ್ಣನ ಬಲಗೈ ಸುಟ್ಟು ಮುರುಟಿತು. ಭೀಮೇಶ ಮುಂದೆ ಶರಣಾದ, ಜೈಲು ಮುಗಿಸಿದ, ಈಗ ಅದೇ ಸಂತೆಯಲ್ಲಿ ಮೂಟೆ ಹೊರುವ ಹಮಾಲಿ ಮಾಡುತ್ತಿದ್ದ. ಕೆಲವು ಹುಡುಗರು ಅವನನ್ನು ಹುಲಿ ಎನ್ನುತ್ತಿದ್ದರು. ಅದನ್ನು ಕೇಳಿದ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ.

ಒಂದು ದಿನ ಮಹಿಳಾ ಸಂಘದ ಚಂದ್ರಕಲಾ ಭೀಮೇಶನ ಮನೆಗೆ ಬಂದಾಗ ಅವನು ಬಾಯಿ ಬಿಟ್ಟ.

"ಅಕ್ಕಾ, ಅಯ್ಯಣ್ಣನ ಮಾಫಿ ಕೇಳಬೇಕಂತ ಮಾಡೇನಿ."

ಹೆಂಡತಿ ಮಾನಮ್ಮ ಸಿಡುಕಿದಳು. "ಸಜಾ ಮುಗಿಸಿ ಬಂದೀಯಲ್ಲ? ಹುಗಿದ ಹೆಣಾ ಯಾಕ ಹೊರಗ ತಗೀತಿ? ಇದ್ದ ಹಮಾಲಿನೂ ಹೋಗ್ತದ."

"ಸಜಾ ಸರ್ಕಾರಕ್ಕ ಮುಟ್ಟಿತು ಮಾನಮ್ಮಾ. ಅಯ್ಯಣ್ಣಗ ಏನು ಮುಟ್ಟಿತು?" ಎಂದಳು ಚಂದ್ರಕಲಾ. "ಆದ್ರ ಭೀಮೇಶ, ಮೊದಲು ನಾ ಹೋಗಿ ಕೇಳ್ತೀನಿ. ಅವರು ಬ್ಯಾಡಂದ್ರ ಅವರ ಮೆಟ್ಟಲಾ ಹತ್ತಬ್ಯಾಡ."

ಅಯ್ಯಣ್ಣ ಮನೆಗೆ ಬರಹೇಳಿದ. ಭೀಮೇಶ ಕಾಲಿಗೆ ಬೀಳಲು ಬಗ್ಗಿದರೆ ಅಯ್ಯಣ್ಣ ಕಾಲು ಹಿಂದಕ್ಕೆ ಎಳೆದುಕೊಂಡ.

"ನಾಕ ಗ್ವಾಡಿ ನಡುವ ಬ್ಯಾಡ ಇದು. ಸಂತ್ಯಾಗ ಅಂದಿದ್ದು ಸಂತ್ಯಾಗ ಹೇಳು."

ಸಂತೆಯ ದಿನ ಭೀಮೇಶ ತಾನೇ ಡಂಗುರದ ಹಲಗೆ ಬಡಿದ.

"ಕೇಳ್ರಪ್ಪೋ! ಅಯ್ಯಣ್ಣ ಖಬರಿ ಅಲ್ಲ. ಸುಳ್ಳು ಹೇಳಿದವ ನಾ, ಬೆಂಕಿ ಇಟ್ಟವ ನಾ. ತಪ್ಪು ಗುಂಪಿನ ಮ್ಯಾಲ ಹಾಕಂಗಿಲ್ಲ. ನನ್ನ ಹುಲಿ ಅನ್ನಬ್ಯಾಡ್ರಿ. ಬಳಿ ಮಾರಾವನ ಕೈ ಸುಟ್ಟವ ಹೇಡಿ!"

ಹುಡುಗರು ನೆಲ ನೋಡಿದರು. ಅಯ್ಯಣ್ಣ ಎದ್ದು ನಿಂತ.

"ಮಾಫ್ ಮಾಡೂದು ನನ್ನ ಕಡಿಂದ ಇನ್ನಾ ಆಗಂಗಿಲ್ಲ. ಖರೆ, ಇವತ್ತ ತಲಿ ಎತ್ತಿ ಮನಿಗೆ ಹೋಗ್ತೀನಿ."

ಇಷ್ಟು ವರ್ಷ ಮಾನಮ್ಮ ನಾಚಿಕೆಗೆ ಬಳೆ ಇಡಿಸಲು ಶಹಾಪುರಕ್ಕೆ ಹೋಗುತ್ತಿದ್ದಳು. ಈಗ ಬಂದು ಅವನ ಅಂಗಡಿಯ ಮುಂದೆ ಕುಳಿತು ಕೈ ಚಾಚಿದಳು.

"ಹಸರು ಬಳಿ ಇಡ್ರಿ ಅಣ್ಣಾ."

ಮುರುಟಿದ ಬೆರಳುಗಳಿಗೆ ಬಹಳ ಹೊತ್ತು ಹಿಡಿಯಿತು. ಅವಳು ಕೈ ಹಿಂದೆಗೆಯಲಿಲ್ಲ.

ಬಂಧುಗಳೇ, ಬೆಂಕಿ ಇಡು ಎನ್ನುವವರ ಮಾತಿಗೆ ಕಿವಿ ಕೊಡಬೇಡಿ. ಕೊಟ್ಟು ಕೆಟ್ಟಿದ್ದರೆ ಕಾನೂನಿಗೆ ತಲೆಬಾಗಿ, ಆದರೆ ಅಲ್ಲಿಗೇ ನಿಲ್ಲಬೇಡಿ. ನೊಂದವರಿಗೆ ಏನು ಬೇಕೆಂದು ಕೇಳಿ, ಯಾರೆದುರು ಕೆಡಿಸಿದಿರೋ ಅವರೆದುರೇ ನಿಂತು ಸರಿಪಡಿಸಿ.