ಹನ್ನೊಂದನೆಯವನು

ನರ್ಸ್‌ಗೆ ಇನ್ನೂ ಮೂವತ್ತೊಂದು ಜನರ ಪತ್ತೆ ಸಿಕ್ಕಿರಲಿಲ್ಲ. ಹತ್ತು ವರ್ಷದ ಹಿಂದೆ ಅವಳ ಆಸ್ಪತ್ರೆಯಲ್ಲಿ ಆರುನೂರು ಜನರ ಹೃದಯದ ರಕ್ತನಾಳಕ್ಕೆ ಮದ್ದು ಲೇಪಿಸಿದ ಸ್ಟೆಂಟ್, ಅಂದರೆ ನಾಳವನ್ನು ತೆರೆದಿಡುವ ಪುಟ್ಟ ಲೋಹದ ಜಾಲರಿ, ಹಾಕಿದ್ದರು. ಈಗ ಅವರೆಲ್ಲ ಹೇಗಿದ್ದಾರೆ ಎಂದು ತಿಳಿಯಬೇಕಿತ್ತು. ಸಿಗದವರು ಹತ್ತು ಮೀರಿದರೆ ಇಡೀ ಅಧ್ಯಯನ ಕಸದ ಬುಟ್ಟಿಗೆ ಎಂದು ದೊಡ್ಡ ಡಾಕ್ಟರಮ್ಮ ಮೊದಲ ದಿನವೇ ಹೇಳಿದ್ದರು. ಸಿಗದವರೆಲ್ಲ ಸತ್ತವರೇ ಆಗಿದ್ದರೆ ಸ್ಟೆಂಟ್ ಚೆನ್ನಾಗಿದೆ ಎಂಬ ಮಾತಿಗೆ ಅರ್ಥವೇನು?

ಹೆಚ್ಚಿನ ಫೋನುಗಳು ಬಂದ್ ಆಗಿದ್ದವು. ಅವಳು ಔಷಧಿ ಅಂಗಡಿಗಳನ್ನು ಹಿಡಿದಳು. ಮನೆ ಬದಲಿಸಿದವರೂ ಮಾತ್ರೆಗೆ ಹಳೆಯ ಅಂಗಡಿಗೇ ಬರುತ್ತಾರೆ. ಅಂಗಡಿಯವರ ಕೈಯಲ್ಲಿ ಸಿಗದವರ ಹೆಸರಿದ್ದ ಒಂದೊಂದು ಕಾಗದ ಕೊಟ್ಟು ಬಂದಳು. ಎರಡು ತಿಂಗಳಲ್ಲಿ ಇಪ್ಪತ್ತು ಜನ ಸಿಕ್ಕರು. ಒಬ್ಬ ಮುದುಕ ತಾನೇ ಬಂದು, ತಾನು ಕಾಣೆಯಾಗಿದ್ದೇನೆಂದು ಹೇಳಿದ್ದು ಯಾರು ಎಂದು ಜಗಳ ತೆಗೆದ.

ಉಳಿದದ್ದು ಹನ್ನೊಂದು. ಪಟ್ಟಿ ಮುಚ್ಚುವುದು ಶುಕ್ರವಾರ ಸಂಜೆ ಐದಕ್ಕೆ.

ಹನ್ನೊಂದನೆಯವನು ಗಾರೆ ಮೇಸ್ತ್ರಿ. ಗಂಡ ತೀರಿಕೊಂಡ ಎಂದು ಅವನ ಹೆಂಡತಿ ಮೂರು ವರ್ಷದ ಹಿಂದೆಯೇ ಫೋನಿನಲ್ಲಿ ಹೇಳಿದ್ದಳು. ಆದರೆ ಮರಣಪತ್ರ ಇಲ್ಲದವನನ್ನು ಸಿಗದವನೆಂದೇ ಎಣಿಸಬೇಕು. ಶುಕ್ರವಾರ ಮಧ್ಯಾಹ್ನ ನರ್ಸ್ ಆ ಪತ್ರ ಕೇಳಲು ಅವನ ಮನೆಗೆ ಹೋದಳು.

ಮನೆ ಮುಂದೆ ಏಣಿ. ಏಣಿಯ ಮೇಲೆ ಒಬ್ಬ ಮುದುಕ ಕರಣೆ ಹಿಡಿದು ಗೋಡೆಗೆ ಗಾರೆ ಮೆತ್ತುತ್ತಿದ್ದ. ಆಸ್ಪತ್ರೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಎರಡು ಮೆಟ್ಟಿಲು ಮೇಲಕ್ಕೆ ಹತ್ತಿದ. ಹೆಂಡತಿ ಹೊರಗೆ ಬಂದಳು. ಸಿಕ್ಕಿಬಿದ್ದ ನಾಚಿಕೆ ಅವಳ ಮುಖದಲ್ಲಿರಲಿಲ್ಲ.

“ನಿಮ್ಮ ಫೋನ್ ಬಂದ್ರೆ ಈ ಮನುಷ್ಯ ಎರಡು ದಿನ ಊಟ ಬಿಡ್ತಾರಮ್ಮ. ಅದಕ್ಕೆ ನಾನೇ ಸಾಯಿಸಿಬಿಟ್ಟೆ. ಆಮೇಲೆ ನೋಡಿ, ಗುಂಡುಕಲ್ಲಿನ ಹಾಗಿದ್ದಾರೆ.”

ಸ್ಟೆಂಟಿನ ಮೇಲಿನ ಮದ್ದು ಕೆಲವೇ ತಿಂಗಳಲ್ಲಿ ಮುಗಿಯುತ್ತದೆ ಎಂದು ವಾರ್ಡಿನಲ್ಲಿ ಯಾರೋ ಮೇಸ್ತ್ರಿಗೆ ಹೇಳಿದ್ದರು. ಹಾಗಾದರೆ ಅದನ್ನು ಕಿತ್ತು ಹೊಸದು ಹಾಕಲೇಬೇಕು, ಆಸ್ಪತ್ರೆಯವರು ಕರೆಯುವುದು ಅದಕ್ಕೇ ಎಂದು ಅವನು ಅಂದಿನಿಂದಲೂ ನಂಬಿದ್ದ. ತಾನು ಸತ್ತವನಾಗಿಯೇ ಇರುತ್ತೇನೆ, ಅವಳ ಕೈಲಿದ್ದ ಅಧ್ಯಯನದ ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದ. ಸಹಿ ಇಲ್ಲದೆ ಅವನನ್ನು ಕಣ್ಣಾರೆ ಕಂಡದ್ದೂ ದಂಡ. ಆಗಲೇ ಮೂರೂವರೆ.

ನರ್ಸ್ ಏಣಿಯ ಬುಡದಲ್ಲಿ ನಿಂತೇ ವಿವರಿಸಿದಳು. ಒಳಗಿನ ಗಾಯ ಅತಿಯಾಗಿ ಬೆಳೆದು ದಾರಿ ಮುಚ್ಚದಿರಲಿ ಎಂದು ಮೊದಲ ಕೆಲವು ತಿಂಗಳಿಗಷ್ಟೇ ಆ ಮದ್ದು. ಆಮೇಲೆ ನಾಳದ ಒಳಪದರವೇ ಸ್ಟೆಂಟಿನ ಮೇಲೆ ಹಬ್ಬಿಕೊಳ್ಳುತ್ತದೆ. ಕೀಳುವ ಮಾತೇ ಇಲ್ಲ.

ಕರಣೆ ನಿಂತಿತು. “ಅಂದ್ರೆ ಕಂಬಿ ಗಾರೆಯೊಳಗೆ ಹೂತುಹೋಗಿದೆ.”

“ಹೌದು ಮೇಸ್ತ್ರಿಗಳೇ.”

“ಗಾರೆ ಮುಚ್ಚಿದ ಕಂಬೀನ ಯಾವ ಬೆಪ್ಪ ಕೀಳ್ತಾನೆ? ಇಷ್ಟನ್ನ ಆಗಲೇ ಹೇಳೋಕೆ ನಿಮಗೇನಾಗಿತ್ತು?”

ಅವಳು ಪೆನ್ನು ಚಾಚಿದಳು. ಮೇಸ್ತ್ರಿ ಇಳಿದು ಬಂದು ಸಿಮೆಂಟಿನ ಕೈಯಲ್ಲೇ ಸಹಿ ಹಾಕಿದ. ಎದೆನೋವು ಇಲ್ಲ, ಮತ್ತೆ ಆಸ್ಪತ್ರೆ ಸೇರಿಲ್ಲ, ಮಾತ್ರೆ ಒಂದು ದಿನವೂ ತಪ್ಪಿಲ್ಲ. ಪ್ರಶ್ನೆಗಳೆಲ್ಲ ಅವನಿಗೆ, ಉತ್ತರಗಳೆಲ್ಲ ಹೆಂಡತಿಯದು.

ಐದಕ್ಕೆ ಹತ್ತು ನಿಮಿಷವಿರುವಾಗ ನರ್ಸ್ ಆ ಕಾಗದವನ್ನು ದೊಡ್ಡ ಡಾಕ್ಟರಮ್ಮನ ಮೇಜಿನ ಮೇಲಿಟ್ಟಳು. ಯಾರನ್ನೂ ಹೊಗಳದ ಆಕೆ ಎದ್ದು ನಿಂತು ಕೈ ಕುಲುಕಿದರು. ಪಕ್ಕದ ಕೋಣೆಯಲ್ಲಿ ಅಂಕಿಅಂಶದವನು ಕುರ್ಚಿ ಹತ್ತಿ ಎಲ್ಲರಿಗೂ ಕೇಳುವಂತೆ ಓದಿದ. ಹತ್ತು ವರ್ಷದ ಕೆಲಸ ಗೆದ್ದಿತ್ತು. ನಾನೂರ ಅರವತ್ತೆರಡು ಜನ ಬದುಕಿದ್ದರು. ಸ್ಟೆಂಟ್ ಹಾಕಿದ ಜಾಗ ಮತ್ತೆ ಕಟ್ಟಿಕೊಂಡದ್ದು ಆರುನೂರರಲ್ಲಿ ನಲವತ್ತೊಂದು ಜನರಿಗೆ ಮಾತ್ರ.

ಸತ್ತವರು ನೂರ ಇಪ್ಪತ್ತೆಂಟು. ಸಿಗದವರು ಹತ್ತು.