ಅಟ್ಟದ ಮೇಲಿನ ತೊಗಲು

ನಮ್ಮ ಶೆಟ್‌ಲೆಂಡ್ ದ್ವೀಪಗಳಲ್ಲಿ ಚಳಿಗಾಲ ಹತ್ತಿರವಾದರೆ ಹೆಂಗಸರು ಹದ ಮಾಡದ ತೊಗಲನ್ನು ನೆನೆಸಿ ಕತ್ತರಿಸಿ, ಕೂದಲು ಹೊರಗೆ ಬರುವ ಹಾಗೆ ಮನೆಮಂದಿಗೆಲ್ಲ ಕೆರ ಹೊಲಿಯುತ್ತಾರೆ. ಮುದುಕಿ ಬ್ರೀಟಾ ಆ ವರ್ಷ ನಾಲ್ಕು ಜೋಡಿ ಹೊಲಿದಳು: ತನಗೆ, ಮಗ ಮ್ಯಾನ್ಸಿಗೆ, ಸೊಸೆ ಓಸ್ಲಾಳಿಗೆ, ನಾಲ್ಕು ವರ್ಷದ ಮೊಮ್ಮಗಳು ಕೀಟಿಗೆ.

ನಾನು ನೆರೆಮನೆಯವಳು, ಒಲೆಯ ಪಕ್ಕ ಉಣ್ಣೆ ಬಾಚುತ್ತಿದ್ದೆ. ಓಸ್ಲಾ ಕೆರದೊಳಗೆ ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು.

“ಅತ್ತೆ, ಈ ತೊಗಲು ಎಲ್ಲಿತ್ತು?”

“ಅಟ್ಟದ ಮೇಲೆ, ಹುಲ್ಲಿನಡಿ. ಒಳ್ಳೇ ಸೀಲ್ ತೊಗಲು, ಬಚ್ಚಿಟ್ಕೊಂಡಿದ್ದ ನಿನ್ನ ಗಂಡ. ಅವರಪ್ಪನ ಬುದ್ಧಿ ಎಲ್ಲಿ ಹೋಗುತ್ತೆ? ಮುರುಕು ಗಾಳನೂ ಬಿಸಾಕ್ತಿರ್ಲಿಲ್ಲ ಅವರು. ಯಾಕೆ, ಬಿಗಿ ಆಯ್ತೇನೆ?”

“ಇಲ್ಲ. ಬೆಚ್ಚಗಿದೆ.”

ಸೀಲ್ ಎಂಬ ಕಡಲುನಾಯಿಗಳು ತೊಗಲು ಕಳಚಿಟ್ಟು ಹೆಂಗಸರಾಗಿ ದಡಕ್ಕೆ ಬರುವುದನ್ನು, ತೊಗಲು ಸಿಗದಿದ್ದರೆ ಮರಳಲಾರದೆ ಉಳಿಯುವುದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಓಸ್ಲಾ ಎಲ್ಲಿಯವಳೆಂದು ಏಳು ವರ್ಷದಲ್ಲಿ ಯಾರೂ ಕೇಳಿರಲಿಲ್ಲ, ಅತ್ತೆಯೂ ಸಹ.

ಮ್ಯಾನ್ಸಿ ದೋಣಿ ಕಟ್ಟಿ ಒಳಗೆ ಬಂದ. ಹೆಂಡತಿಯ ಕಾಲು ನೋಡಿದ.

“ಅಲೆ ಎಳ್ಕೊಂಡು ಹೋಯ್ತು ಅಂದಿದ್ಯಲ್ಲ, ನನ್ನ ತೊಗಲನ್ನ,” ಅಂದಳು ಅವಳು.

“ನಿಜ ಹೇಳಿದ್ರೆ ಇರ್ತಿದ್ಯಾ?”

“ಇರ್ತಿದ್ನೇನೋ. ನೀನು ಕೇಳ್ಲೇ ಇಲ್ಲ.”

ಬ್ರೀಟಾಳ ಕೈಯ ಸೂಜಿ ನಿಂತಿತು. ತನ್ನ ಜೋಡಿಯನ್ನೂ ಮಗನದನ್ನೂ ಚೂರುಗಳ ಬುಟ್ಟಿಯನ್ನೂ ಸೊಸೆಯ ಮುಂದೆ ಸರಿಸಿದಳು. ಓಸ್ಲಾ ಎರಡು ದಿನ ಕೂತು ತುಂಡಿಗೆ ತುಂಡು ಸೇರಿಸಿದಳು. ಮುಖದ ಭಾಗಕ್ಕೆ ಸಾಲಲಿಲ್ಲ. ಆ ತುಂಡು ಕೀಟಿಯ ಕಾಲಲ್ಲಿತ್ತು. ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಕೆರದ ದಾರ ಬಿಚ್ಚಿದಳು. ಚಳಿಗೆ ಊದಿ ಬಿರಿದ ಬೆರಳು ಕಂಡವು. ತುಸು ಹೊತ್ತು ಅವನ್ನು ಹಿಡಿದುಕೊಂಡಿದ್ದು, ಮತ್ತೆ ಕಟ್ಟಿದಳು.

“ಕಚಗುಳಿ ಆಗ್ತದೆ ಅವ್ವಾ,” ಅಂದಿತು ಮಗು.

ಮಧ್ಯಾಹ್ನ ಅವಳು ಕಡಲಿಗಿಳಿದಳು. ತೊಗಲು ಕಾಲಿನಿಂದ ಮೇಲೇರುತ್ತ ಮೈಗೆ ಕೂಡಿಕೊಂಡಿತು. ಕುತ್ತಿಗೆಯ ಹತ್ತಿರ ನಿಂತಿತು. ಬಂಡೆಯ ಮೇಲೆ ಬಿಸಿಲು ಕಾಯುತ್ತಿದ್ದ ಸೀಲ್‌ಗಳು ಆ ಹೆಣ್ಣುಮುಖ ಕಂಡದ್ದೇ ಒಂದೊಂದಾಗಿ ನೀರಿಗೆ ಜಾರಿದವು. ಬರಿದಾದ ಬಂಡೆ ಹತ್ತಿ ಅವಳು ತುಂಬಾ ಹೊತ್ತು ಅವು ಹೋದ ಕಡೆಗೇ ನೋಡುತ್ತಿದ್ದಳು.

ಮ್ಯಾನ್ಸಿ ತಡೆಯಲಾರದೆ ದೋಣಿ ತಳ್ಳಿ ಹುಟ್ಟು ಹಾಕಿದ. ಹಿಂತಿರುಗಿದ ಅವನ ಮುಖ ಕಂಡು ಅವಳೂ ಜಾರಿದಳು, ಸೀಲ್‌ಗಳು ಹೋಗದ ದಿಕ್ಕಿಗೆ.